ಅಕ್ಕ ಭಾರತೀಯಳು, ಹುಟ್ಟಲಿರುವ ಮಗು ಜರ್ಮನ್: ಇದು ಹೇಗೆ?

ಪ್ರಶ್ನೆ: ನಮಸ್ಕಾರ ಮೇಡಂ. ನಮ್ಮದು ಹಾಸನದ ಹತ್ತಿರ ಒಂದು ಹಳ್ಳಿ. 2019ರ ಆಗಸ್ಟ್‌ನಲ್ಲಿ ಬ್ಲೂ ಕಾರ್ಡ್ (ಓದಿದ ನೌಕರರಿಗೆ ಕೊಡುವ ಯುರೋಪಿನ ಕೆಲಸದ ಪರವಾನಗಿ) ಮೇಲೆ ಸ್ಟುಟ್‌ಗಾರ್ಟ್‌ಗೆ ಬಂದೆ. 2022ರಲ್ಲಿ ಕಾಯಂ ವಾಸದ ಪರವಾನಗಿ ಸಿಕ್ಕಿತು. ಮಗಳು 2021ರ ಫೆಬ್ರುವರಿಯಲ್ಲಿ ಇಲ್ಲೇ ಹುಟ್ಟಿದಳು, ಅವಳದು ಭಾರತದ ಪಾಸ್‌ಪೋರ್ಟ್. ಈಗ ನನ್ನ ಹೆಂಡತಿ ಮತ್ತೆ ಬಸುರಿ. ಹುಟ್ಟುವ ಮಗು ತಾನಾಗಿಯೇ ಜರ್ಮನ್ ಆಗುತ್ತೆ ಅಂತ ಆಸ್ಪತ್ರೆಯಲ್ಲಿ ಒಬ್ಬರು ಹೇಳಿದರು. ಒಂದೇ ಅಪ್ಪ ಅಮ್ಮನ ಮಕ್ಕಳಿಗೆ ಎರಡು ದೇಶ ಹೇಗಾಗುತ್ತೆ? ನಾನೂ ಪೌರತ್ವಕ್ಕೆ ಅರ್ಜಿ ಹಾಕುವ ಯೋಚನೆಯಲ್ಲಿದ್ದೇನೆ. ಗೆಳೆಯರು 'ಈಗ ಜರ್ಮನಿ ಎರಡಕ್ಕೂ ಒಪ್ಪುತ್ತೆ, ಎರಡೂ ಪಾಸ್‌ಪೋರ್ಟ್ ಇಟ್ಕೋ' ಅಂತಾರೆ. ಊರಲ್ಲಿ ಅಪ್ಪನಿಗೆ ಜಮೀನು ಕೈಬಿಟ್ಟು ಹೋಗುತ್ತೆ ಅನ್ನೋ ಭಯ. ಆಫೀಸಿನಲ್ಲಿ ಒಬ್ಬರು ನಗುತ್ತಲೇ 'ನೀನು ಪಾಸ್‌ಪೋರ್ಟಿನಲ್ಲಿ ಜರ್ಮನ್ ಆಗ್ತೀಯ ಅಷ್ಟೇ' ಅಂದರು. ಮೂರು ವರ್ಷಕ್ಕೆ ಪೌರತ್ವ ಅಂತ ಕಾನೂನು ಮಾಡಿ ಒಂದೂವರೆ ವರ್ಷದೊಳಗೆ ಅದನ್ನು ತೆಗೆದುಹಾಕಿದರಲ್ಲ, ಇಂಥ ಕಾನೂನನ್ನು ನಂಬಿ ಹುಟ್ಟಿದ ದೇಶದ ಪೌರತ್ವ ಬಿಡಬಹುದಾ? ಅಸಲಿಗೆ ನಿಜವಾದ ಜರ್ಮನ್ ಅಂದರೆ ಯಾರು?

ಉತ್ತರ: ಆಸ್ಪತ್ರೆಯಲ್ಲಿ ಸಿಕ್ಕವರು ಸರಿಯಾಗಿಯೇ ಹೇಳಿದ್ದಾರೆ. ಗೆಳೆಯರು ಹೇಳಿದ್ದು ಅರ್ಧ ಸರಿ, ಅಪಾಯ ಇರುವುದು ಉಳಿದ ಅರ್ಧದಲ್ಲಿ. ಅಪ್ಪನ ಭಯಕ್ಕೆ ಕಾರಣ ಇದೆ, ಆದರೆ ಅದು ಅವರು ಅಂದುಕೊಂಡ ಜಾಗದಲ್ಲಿಲ್ಲ. ಆಫೀಸಿನವರ ಮಾತು ನಿಮ್ಮನ್ನು ಎಲ್ಲಕ್ಕಿಂತ ಜಾಸ್ತಿ ಚುಚ್ಚಿದೆ ಅನ್ನುವುದು ಪತ್ರ ಓದಿದರೆ ಗೊತ್ತಾಗುತ್ತೆ. ಅದಕ್ಕೂ ಬರುತ್ತೇನೆ.

ಮೊದಲು ಮಗು. 2024ರ ಜೂನ್ 27ರಂದು ಜಾರಿಗೆ ಬಂದ ತಿದ್ದುಪಡಿ ಪ್ರಕಾರ, ಮಗು ಹುಟ್ಟುವ ದಿನಕ್ಕೆ ತಂದೆ ತಾಯಿಯರಲ್ಲಿ ಒಬ್ಬರು 5 ವರ್ಷ ಕಾನೂನುಬದ್ಧವಾಗಿ ಜರ್ಮನಿಯಲ್ಲಿ ವಾಸವಿರಬೇಕು, ಅವರಿಗೆ ಅವಧಿ ಇಲ್ಲದ ವಾಸದ ಹಕ್ಕು ಇರಬೇಕು. ಎರಡೂ ಇದ್ದರೆ ಮಗು ಹುಟ್ಟುತ್ತಲೇ ಜರ್ಮನ್. ಅರ್ಜಿ ಇಲ್ಲ, ಪರೀಕ್ಷೆ ಇಲ್ಲ. ಜನನ ನೋಂದಣಿ ಮಾಡುವ ಕಚೇರಿಯವರೇ ಅದನ್ನು ನೋಡಿಕೊಳ್ಳುತ್ತಾರೆ. ಬರೀ ಬ್ಲೂ ಕಾರ್ಡ್ ಇದ್ದರೆ ಸಾಲದು, ಇದನ್ನು ಬಹಳ ಜನ ತಪ್ಪು ತಿಳಿದಿರುತ್ತಾರೆ. ನಿಮ್ಮ ಹತ್ತಿರ 'ನೀಡರ್‌ಲಾಸುಂಗ್' ಅಂದರೆ ಕಾಯಂ ವಾಸದ ಪರವಾನಗಿ ಇರುವುದರಿಂದ ಚಿಂತೆ ಇಲ್ಲ.

ಮಗಳು ಹುಟ್ಟಿದಾಗ ಈ 5 ವರ್ಷ 8 ಆಗಿತ್ತು. ನೀವು ಬಂದು ಎರಡು ವರ್ಷವೂ ಆಗಿರಲಿಲ್ಲ. ಹಾಗಾಗಿ ಅಕ್ಕ ಭಾರತೀಯಳು. ನಿಮಗೆ ಇಲ್ಲಿ ಇನ್ನೂ 8 ವರ್ಷ ತುಂಬಿಲ್ಲ, ಆದ್ದರಿಂದ ಹಳೆ ಕಾನೂನೇ ಮುಂದುವರಿದಿದ್ದರೆ ಹುಟ್ಟಲಿರುವ ಮಗುವೂ ವಿದೇಶಿಯೇ ಆಗುತ್ತಿತ್ತು. ಇನ್ನೂ ಹಿಂದೆ ಹೋಗಿ. 1999ರಲ್ಲಿ ಹುಟ್ಟಿದ್ದರೆ, ಅಪ್ಪ ಅಮ್ಮ ಮೂವತ್ತು ವರ್ಷ ಇಲ್ಲಿ ದುಡಿದಿದ್ದರೂ, ವಿದೇಶಿ ದಂಪತಿಯ ಮಗು ವಿದೇಶಿಯೇ. ಆಸ್ಪತ್ರೆ ಅದೇ, ತೊಟ್ಟಿಲು ಅದೇ. ಬದಲಾದದ್ದು ಕಾನೂನು.

ಇಲ್ಲಿಂದಲೇ ನಿಮ್ಮ ಕೊನೆಯ ಪ್ರಶ್ನೆಗೆ ಹೋಗುತ್ತೇನೆ. ಈ ದೇಶದಲ್ಲಿ ಎರಡು ಮಾತು ಚಾಲ್ತಿಯಲ್ಲಿವೆ. ತಲೆಮಾರುಗಳಿಂದ ಇಲ್ಲಿಯವರಾದವರಿಗೆ 'ಬಿಯೋಡಾಯ್ಚೆ' ಅನ್ನುತ್ತಾರೆ. ತಮಾಷೆಗೇ ಹುಟ್ಟಿದ ಪದ, ಸಾವಯವ ತರಕಾರಿ ಇದ್ದ ಹಾಗೆ ಸಾವಯವ ಜರ್ಮನ್. ನಮ್ಮಂಥವರಿಗೆ 'ಪಾಸ್‌ಡಾಯ್ಚೆ', ಅಂದರೆ ಪಾಸ್‌ಪೋರ್ಟಿನ ಜರ್ಮನ್. ಇದು ತಮಾಷೆಯ ಪದ ಅಲ್ಲ. ನಿಮ್ಮ ಸಹೋದ್ಯೋಗಿ ಹೇಳಿದ್ದು ಇದನ್ನೇ. ಈ ಮಾತಿನ ಹಿಂದಿರುವ ನಂಬಿಕೆ ಏನೆಂದರೆ, ಜರ್ಮನ್‌ತನ ಅನ್ನುವುದು ರಕ್ತದಲ್ಲಿ ಬರುವಂಥದ್ದು, ಅನಾದಿ ಕಾಲದಿಂದ ಹಾಗೇ ಇದೆ, ಕಾಗದ ಬಂದಿದ್ದು ಆಮೇಲೆ.

ಅನಾದಿ ಕಾಲವಂತೆ! ಅದು ಗಟ್ಟಿಯಾಗಿ ಬೇರೂರಿದ್ದು 1913ರ ಜುಲೈ 22ರ ಕಾನೂನಿನಿಂದ. ಅದಕ್ಕಿಂತ ಹಿಂದೆ ಇಲ್ಲಿನವರು ಮೊದಲು ಪ್ರಷ್ಯಾದವರು, ಬವೇರಿಯಾದವರು, ಸ್ಯಾಕ್ಸನಿಯವರು. ಆ ಮೂಲಕ ಸಾಮ್ರಾಜ್ಯದವರು. ನಮ್ಮ ತಾತಂದಿರು ಮೈಸೂರು ಸಂಸ್ಥಾನದ ಪ್ರಜೆಗಳಾಗಿದ್ದ ಹಾಗೆ. 1870ರ ಕಾನೂನಿನ ಪ್ರಕಾರ ಹತ್ತು ವರ್ಷ ವಿದೇಶದಲ್ಲಿ ಉಳಿದವನ ಪೌರತ್ವ ಸಾಮಾನ್ಯವಾಗಿ ಹೋಗಿಬಿಡುತ್ತಿತ್ತು. ರಕ್ತ ಅಷ್ಟು ದೊಡ್ಡದಾಗಿದ್ದರೆ ಹತ್ತು ವರ್ಷಕ್ಕೆ ಯಾಕೆ ಆರಿಹೋಗಬೇಕು? 1913ರ ಹೊತ್ತಿಗೆ ಲಕ್ಷಗಟ್ಟಲೆ ಜರ್ಮನ್ನರು ಅಮೆರಿಕದ ಕಡೆ ಹೋಗಿ ನೆಲೆಸಿದ್ದರು. ಅವರನ್ನೂ ಅವರ ಮಕ್ಕಳನ್ನೂ ಹಿಡಿದಿಟ್ಟುಕೊಳ್ಳಬೇಕಿತ್ತು. ಅದೇ ಹೊತ್ತಿಗೆ ಪೂರ್ವದಿಂದ ಕೆಲಸ ಹುಡುಕಿ ಬರುತ್ತಿದ್ದ ಪೋಲಿಷರನ್ನು, ಯಹೂದಿಗಳನ್ನು ಹೊರಗಿಡಬೇಕಿತ್ತು. ಹುಟ್ಟಿದ ನೆಲ ಲೆಕ್ಕಕ್ಕಿಲ್ಲ, ಹೆತ್ತವರ ರಕ್ತವೇ ಲೆಕ್ಕ ಅಂದರೆ ಎರಡೂ ಕೆಲಸ ಒಂದೇ ಏಟಿಗೆ ಆಗುತ್ತೆ, ಅಲ್ವಾ? ಅದು ಆ ಕಾಲದ ರಾಜಕೀಯ ಲೆಕ್ಕಾಚಾರ.

ಆ ರಕ್ತವೂ ಪೂರ್ತಿ ರಕ್ತವಲ್ಲ. ಜರ್ಮನ್ ಹೆಂಗಸು ವಿದೇಶಿಯನ್ನು ಮದುವೆಯಾದರೆ ಅವಳ ಪೌರತ್ವವೇ ಹೋಗುತ್ತಿತ್ತು. ಯುದ್ಧದ ನಂತರ, 1953ರಲ್ಲಿ ಅದು ನಿಂತಿತು. ಆದರೂ ಅವಳಿಗೂ ವಿದೇಶಿ ಗಂಡನಿಗೂ ಹುಟ್ಟಿದ ಮಗು ಸಾಮಾನ್ಯವಾಗಿ ಜರ್ಮನ್ ಆಗುತ್ತಿರಲಿಲ್ಲ. ಇದು 1974ರ ಕೊನೆವರೆಗೂ ನಡೆಯಿತು. ತಾಯಿಯ ರಕ್ತ ಲೆಕ್ಕಕ್ಕೇ ಇರಲಿಲ್ಲ! ಇದು ಸಮಾನತೆಗೆ ವಿರುದ್ಧ ಅಂತ ಸಾಂವಿಧಾನಿಕ ನ್ಯಾಯಾಲಯ ಹೇಳಿದ ಮೇಲೆ 1975ರಿಂದ ಬದಲಾಯಿತು. ಸಂವಿಧಾನ ಬಂದ ಮೇಲೂ ಹೀಗೆ ಬಿಟ್ಟುಹೋದವರು ಮತ್ತು ಅವರ ಸಂತಾನ ಬರೀ ಘೋಷಣೆ ಸಲ್ಲಿಸಿ ಪೌರತ್ವ ಪಡೆಯಬಹುದು ಅಂತ 2021ರಲ್ಲಿ ಇನ್ನೊಂದು ಕಾನೂನು ಬಂತು. ಅದಕ್ಕೆ ಹತ್ತು ವರ್ಷದ ಗಡುವು ಇದೆ.

ಇನ್ನೊಂದು ಕಥೆ ಹೇಳದೆ ಮುಂದೆ ಹೋಗಲು ಮನಸ್ಸು ಬರುತ್ತಿಲ್ಲ. ಹಿಟ್ಲರ್ ಹುಟ್ಟಿದ್ದು ಆಸ್ಟ್ರಿಯಾದಲ್ಲಿ. 1925ರಲ್ಲಿ ಆ ಪೌರತ್ವ ಬಿಟ್ಟ ಮೇಲೆ ಸುಮಾರು ಏಳು ವರ್ಷ ಅವನಿಗೆ ಯಾವ ದೇಶದ ಪೌರತ್ವವೂ ಇರಲಿಲ್ಲ. ಚುನಾವಣೆಗೆ ನಿಲ್ಲಬೇಕಿತ್ತಲ್ಲ, 1932ರ ಫೆಬ್ರುವರಿಯಲ್ಲಿ ಬ್ರೌನ್‌ಶ್ವೈಗ್ ಎಂಬ ರಾಜ್ಯದಲ್ಲಿ ಹೆಸರಿಗೊಂದು ಸರ್ಕಾರಿ ಹುದ್ದೆ ಕೊಡಿಸಿ ಅವನನ್ನು ಜರ್ಮನ್ ಮಾಡಿದರು. ಪಾಸ್‌ಪೋರ್ಟಿನ ಜರ್ಮನ್ ಅಂದರೆ ಅವನೇ. 1935ರಲ್ಲಿ ಅದೇ ಮನುಷ್ಯನ ಸರ್ಕಾರ ರಕ್ತದ ಹೆಸರಲ್ಲಿ ಯಹೂದಿಗಳನ್ನು ಎರಡನೇ ದರ್ಜೆಯವರನ್ನಾಗಿ ಮಾಡಿತು. 1941ರ ನವೆಂಬರ್‌ನಲ್ಲಿ, ದೇಶದ ಹೊರಗಿದ್ದ ಯಹೂದಿಗಳ ಪೌರತ್ವವನ್ನು ಒಂದೇ ಆದೇಶದಲ್ಲಿ ಕಿತ್ತುಕೊಂಡಿತು. ಅವರಲ್ಲಿ ಎಷ್ಟೋ ಮನೆತನಗಳು ನೂರಾರು ವರ್ಷದಿಂದ ಇಲ್ಲಿಯವು.

ಇದನ್ನು ಹೇಳಿದ್ದಕ್ಕೆ ಕಾರಣ ಇದೆ. 'ನಾಳೆ ಕಾನೂನು ಬದಲಾಗಿ ನನ್ನ ಪೌರತ್ವ ಕಿತ್ತುಕೊಂಡರೆ?' ಅನ್ನುವುದು ನಿಮ್ಮ ಹೆದರಿಕೆ. 1949ರ ಸಂವಿಧಾನ ಬರೆದವರಿಗೂ ಇದೇ ಹೆದರಿಕೆ ಇತ್ತು. ಅದಕ್ಕೇ 16ನೇ ವಿಧಿಯಲ್ಲಿ ಜರ್ಮನ್ ಪೌರತ್ವವನ್ನು ಕಸಿದುಕೊಳ್ಳುವಂತಿಲ್ಲ ಅಂತ ಬರೆದರು. ಸುಳ್ಳು ಮಾಹಿತಿ, ಲಂಚ, ಬೆದರಿಕೆಯಿಂದ ಪಡೆದಿದ್ದರೆ ಹತ್ತು ವರ್ಷದೊಳಗೆ ರದ್ದು ಮಾಡಬಹುದು. ಇನ್ನೊಂದು ಪೌರತ್ವವೂ ಇರುವವರು ವಿದೇಶದಲ್ಲಿ ಭಯೋತ್ಪಾದಕರ ಪಡೆ ಸೇರಿ ಹೋರಾಡಿದರೆ ಹೋಗುತ್ತೆ. ಇಂಥ ಕೆಲವು ಬಿಟ್ಟರೆ, ನಿಮ್ಮ ಪಾಸ್‌ಪೋರ್ಟಿಗೂ ನಿಮ್ಮ ಸಹೋದ್ಯೋಗಿಯ ಪಾಸ್‌ಪೋರ್ಟಿಗೂ ಕಾನೂನಿನಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ. ಮೂರು ವರ್ಷದ ದಾರಿ 2025ರ ಅಕ್ಟೋಬರ್ 30ಕ್ಕೆ ಮುಚ್ಚಿತು, ನಿಜ. ಮುಚ್ಚಿದ್ದು ಬಾಗಿಲು. ಒಳಗೆ ಬಂದವರನ್ನು ಹೊರಗೆ ಹಾಕಲಿಲ್ಲ. 5 ವರ್ಷದ ನಿಯಮ ಮತ್ತು ಎರಡು ಪೌರತ್ವದ ಅವಕಾಶ, ಸರ್ಕಾರ ಬದಲಾದ ಮೇಲೂ ಹಾಗೇ ಇವೆ.

ಇನ್ನು, ಕಾನೂನು ಯಾಕೆ ಬದಲಾಯಿತು? ಜನ ಮೊದಲೇ ಬದಲಾಗಿದ್ದರು, ಅದಕ್ಕೆ. 1955ರಲ್ಲಿ ಇಟಲಿ, 1961ರಲ್ಲಿ ಟರ್ಕಿ, ಹೀಗೆ ಒಂದೊಂದೇ ದೇಶದ ಜೊತೆ ಒಪ್ಪಂದ ಮಾಡಿಕೊಂಡು ಕಾರ್ಖಾನೆಗಳಿಗೆ ಕೆಲಸಗಾರರನ್ನು ಕರೆಸಿದರು. 1964ರಲ್ಲಿ ಹತ್ತು ಲಕ್ಷದ ಕೆಲಸಗಾರ ಅಂತ ಒಬ್ಬ ಪೋರ್ಚುಗೀಸನಿಗೆ ಕಲೋನ್‌ನ ರೈಲು ನಿಲ್ದಾಣದಲ್ಲಿ ಬ್ಯಾಂಡ್ ಬಾರಿಸಿ ಮೊಪೆಡ್ ಕೊಟ್ಟರು. ಇವರಿಗೆ ಇಟ್ಟ ಹೆಸರೇ 'ಅತಿಥಿ ಕೆಲಸಗಾರ', ಅಂದರೆ ಉಂಡು ಹೋಗುವವನು. 1973ರಲ್ಲಿ ತೈಲದ ಬಿಕ್ಕಟ್ಟು ಬಂದಾಗ ಕರೆಸುವುದು ನಿಂತಿತು. ಬಂದವರಲ್ಲಿ ಹೆಚ್ಚಿನವರು ವಾಪಸ್ ಹೋದರು. ಲಕ್ಷಾಂತರ ಜನ ಉಳಿದರು, ಹೆಂಡತಿ ಮಕ್ಕಳನ್ನು ಕರೆಸಿಕೊಂಡರು. 'ನಮ್ಮದು ವಲಸಿಗರ ದೇಶವಲ್ಲ' ಅಂತ ರಾಜಕಾರಣಿಗಳು ಇಪ್ಪತ್ತು ವರ್ಷ ಹೇಳುತ್ತಲೇ ಇದ್ದರು. ಆಚೆ ಬೀದಿಯಲ್ಲಿ ಟರ್ಕಿಯ ಮಕ್ಕಳು ಬರ್ಲಿನ್ನಿನ ಆಡುಮಾತಲ್ಲಿ ಜಗಳ ಆಡುತ್ತಿದ್ದರು.

ಆಗಿನ ವಿಚಿತ್ರ ನೋಡಿ. ಬರ್ಲಿನ್‌ನಲ್ಲೇ ಹುಟ್ಟಿ ಬೆಳೆದ ಟರ್ಕಿ ಮೂಲದ ಹುಡುಗಿ ವಿದೇಶಿ. ಹದಿನೆಂಟನೇ ಶತಮಾನದಲ್ಲಿ ರಷ್ಯಾಕ್ಕೆ ಹೋದ ರೈತರ ವಂಶದವನು, ಕಜಾಕಿಸ್ತಾನದಲ್ಲಿ ಹುಟ್ಟಿ, ನಾಲ್ಕು ಮಾತು ಜರ್ಮನ್ ಆಡಲು ಕಷ್ಟಪಡುವವನು, ಬಂದಿಳಿದರೆ ಜರ್ಮನ್. ಅವರ ಮೇಲೆ ನನಗೆ ಸಿಟ್ಟಿಲ್ಲ, ಸ್ಟಾಲಿನ್ ಕಾಲದಲ್ಲಿ ಅವರು ಪಟ್ಟ ಪಾಡು ಸಣ್ಣದಲ್ಲ. ಆದರೆ ಈ ಎರಡನ್ನೂ ಅಕ್ಕಪಕ್ಕ ಇಟ್ಟರೆ 1913ರ ಅಂಗಿ 1990ರ ಮೈಗೆ ಎಷ್ಟು ಬಿಗಿಯಾಗಿತ್ತು ಅಂತ ಕಾಣುತ್ತೆ.

2000ದ ಜನವರಿ 1ರಿಂದ ಹೊಲಿಗೆ ಬಿಚ್ಚಿತು. ಇಲ್ಲಿ ಹುಟ್ಟಿದ ವಿದೇಶಿಯರ ಮಕ್ಕಳಿಗೂ ಪೌರತ್ವ ಬಂತು, ಆದರೆ 18ರಿಂದ 23ರೊಳಗೆ ಒಂದು ದೇಶ ಆರಿಸಿಕೊಳ್ಳಬೇಕು ಅನ್ನೋ ಷರತ್ತಿನ ಮೇಲೆ. ಅದರ ಹಿಂದಿನ ವರ್ಷ ಹೆಸೆನ್ ರಾಜ್ಯದಲ್ಲಿ ವಿರೋಧ ಪಕ್ಷದವರು ಎರಡು ಪೌರತ್ವದ ವಿರುದ್ಧ ಬೀದಿ ಬೀದಿಯಲ್ಲಿ ಸಹಿ ಸಂಗ್ರಹಿಸಿ ಚುನಾವಣೆಯನ್ನೇ ಗೆದ್ದಿದ್ದರು. ಆ ಷರತ್ತು ಹುಟ್ಟಿದ್ದು ಹೀಗೆ. 2014ರಲ್ಲಿ ಇಲ್ಲೇ ಬೆಳೆದವರಿಗೆ ಆ ಷರತ್ತು ಹೋಯಿತು. 2024ರಲ್ಲಿ ಎಲ್ಲರಿಗೂ ಎರಡು ಪೌರತ್ವ ಸರಿ ಅಂತಾಯಿತು.

ನಾನು ಇಲ್ಲಿಗೆ ಓದಲು ಬಂದಿದ್ದು 2001ರಲ್ಲಿ. ಹಿಂದಿನ ವರ್ಷವಷ್ಟೇ ಶ್ರೋಡರ್ ಸರ್ಕಾರ ಸಾಫ್ಟ್‌ವೇರ್‌ನವರಿಗೆ 'ಗ್ರೀನ್ ಕಾರ್ಡ್' ತೆರೆದಿತ್ತು. ಅದಕ್ಕೆ ಉತ್ತರವಾಗಿ ರ‍್ಯೂಟ್‌ಗರ್ಸ್ ಎಂಬ ನಾಯಕ ಚುನಾವಣೆಯಲ್ಲಿ ಹಿಡಿದ ಮಾತು 'ಕಿಂಡರ್ ಷ್ಟಾಟ್ ಇಂಡರ್', ಅಂದರೆ ಇಂಡಿಯನ್ನರ ಬದಲು ನಮ್ಮ ಮಕ್ಕಳು. ಆ ಚುನಾವಣೆ ಅವರು ಸೋತರು, ಆದರೆ ಪ್ರಾಸ ಚೆನ್ನಾಗಿತ್ತು ನೋಡಿ, ಇಲ್ಲಿನ ಹಳಬರಿಗೆ ಇವತ್ತಿಗೂ ನೆನಪಿದೆ. ಈಗ ಇಂಡಿಯನ್ನರ ಮಕ್ಕಳೇ ಹುಟ್ಟಿನಿಂದ ಜರ್ಮನ್ನರು. 2024ರಲ್ಲಿ 2,91,955 ಜನ ಅರ್ಜಿ ಹಾಕಿ ಪೌರತ್ವ ಪಡೆದರು.

ಅಷ್ಟಾದರೂ ಬೀದಿಯ ಮನಸ್ಸು ಕಾಗದದಷ್ಟು ಬೇಗ ಬದಲಾಗಿಲ್ಲ. ವಿಶ್ವಕಪ್ ಗೆದ್ದ ತಂಡದಲ್ಲಿದ್ದ ಮೆಸುಟ್ ಓಝಿಲ್ 2018ರಲ್ಲಿ ತಂಡ ಬಿಡುವಾಗ, ಗೆದ್ದರೆ ನಾನು ಜರ್ಮನ್, ಸೋತರೆ ವಲಸಿಗ ಅಂತ ಹೇಳಿದ್ದರು. ಅವರು ಹುಟ್ಟಿದ್ದು ಗೆಲ್ಸೆನ್‌ಕಿರ್ಶೆನ್‌ನಲ್ಲಿ. ನೂರು ವರ್ಷದ ಹಿಂದೆ ಅದೇ ಊರಿನ ಗಣಿಗಳಿಗೆ ಬಂದ ಪೋಲಿಷರನ್ನೂ ಜನ ಹೀಗೇ ನೋಡಿದ್ದರು. ಇವತ್ತು ಆ ಹೆಸರುಗಳು ಯಾರಿಗೂ ಪರಕೀಯ ಅನ್ನಿಸುವುದಿಲ್ಲ. ನಿಮ್ಮ ಸಹೋದ್ಯೋಗಿಯ ಅಜ್ಜನ ಹೆಸರನ್ನು ಒಮ್ಮೆ ಕೇಳಿ ನೋಡಿ, ಸುಮ್ನೆ ಕುತೂಹಲಕ್ಕೆ. ಕಾನೂನು ಭಾಷೆಯ ಹಾಗೆ ಜನಾಂಗದ ಒಳಗಿಂದ ಬೆಳೆಯುತ್ತೆ ಅಂತ 1814ರಲ್ಲಿ ವಾದಿಸಿದ ಇಲ್ಲಿನ ದೊಡ್ಡ ಕಾನೂನು ಪಂಡಿತ ಸಾವಿನ್ಯಿ. ಅವರ ಮನೆತನವೇ ಲೊರೇನ್ ಕಡೆಯಿಂದ ಬಂದದ್ದು, ಹೆಸರು ಫ್ರೆಂಚ್.

ಜರ್ಮನಿ ಹೀಗೆ ರಕ್ತದಿಂದ ನೆಲದ ಕಡೆ ನಡೆದಾಗ ನಮ್ಮ ದೇಶ ಯಾವ ಕಡೆ ನಡೆಯಿತು ಗೊತ್ತಾ? 1955ರ ನಮ್ಮ ಪೌರತ್ವ ಕಾಯ್ದೆಯಲ್ಲಿ ಭಾರತದ ನೆಲದಲ್ಲಿ ಹುಟ್ಟಿದರೆ ಹೆಚ್ಚುಕಡಿಮೆ ಎಲ್ಲರೂ ಭಾರತೀಯರೇ. 1987ರ ಜುಲೈನಿಂದ ತಂದೆ ಅಥವಾ ತಾಯಿ ಭಾರತೀಯರಿರಬೇಕು ಅಂತಾಯಿತು. 2004ರ ಡಿಸೆಂಬರ್‌ನಿಂದ ಇನ್ನೂ ಬಿಗಿ: ಒಬ್ಬರು ಭಾರತೀಯರಾದರೆ ಸಾಲದು, ಇನ್ನೊಬ್ಬರು ಅಕ್ರಮ ವಲಸಿಗರಾಗಿರಬಾರದು. ಎರಡು ದೇಶಗಳು ಎದುರುಬದುರು ಬಸ್ಸಿನಲ್ಲಿ ಹೋದ ಹಾಗೆ.

ಈಗ ಗೆಳೆಯರ ಸಲಹೆ. ಜರ್ಮನಿ ಎರಡು ಪೌರತ್ವಕ್ಕೆ ಒಪ್ಪುತ್ತೆ, ಭಾರತ ಒಪ್ಪುವುದಿಲ್ಲ. ನಮ್ಮ ಕಾಯ್ದೆಯ 9ನೇ ಸೆಕ್ಷನ್ ಪ್ರಕಾರ, ನೀವಾಗಿ ಬೇರೆ ದೇಶದ ಪೌರತ್ವ ಪಡೆದರೆ ಭಾರತದ ಪೌರತ್ವ ತಾನಾಗಿಯೇ ಹೋಗುತ್ತೆ. ನೀವು ಯಾರಿಗೂ ಹೇಳದಿದ್ದರೂ ಹೋಗುತ್ತೆ. ಜರ್ಮನ್ ಕಚೇರಿಯಲ್ಲಿ ಪ್ರಮಾಣಪತ್ರ ಕೈಗೆ ಬಂದ ಗಳಿಗೆಯಿಂದ ಆ ನೀಲಿ ಪಾಸ್‌ಪೋರ್ಟ್ ಬಳಸುವ ಹಾಗಿಲ್ಲ, ದೂತಾವಾಸಕ್ಕೆ ಒಪ್ಪಿಸಬೇಕು. ನನ್ನ ಹತ್ತಿರ ಬಂದ ಒಬ್ಬರು ಶುಕ್ರವಾರ ಪತ್ರ ತೆಗೆದುಕೊಂಡು, ಅಮ್ಮ ಐಸಿಯುನಲ್ಲಿದ್ದಾರೆ ಅಂತ ಭಾನುವಾರ ಹಳೆ ಪಾಸ್‌ಪೋರ್ಟಿನಲ್ಲೇ ವಿಮಾನ ಹತ್ತಿದ್ದರು. ಪಾಪ, ಅವರ ಪರಿಸ್ಥಿತಿ ಹಾಗಿತ್ತು. ಆಮೇಲೆ ದಂಡ, ವಿವರಣೆ ಪತ್ರ, ಓಸಿಐ (ವಿದೇಶಿ ಪೌರತ್ವ ಪಡೆದ ಭಾರತ ಮೂಲದವರಿಗೆ ಭಾರತ ಕೊಡುವ, ವೀಸಾ ಇಲ್ಲದೆ ಬಂದುಹೋಗುವ ಕಾರ್ಡ್) ತಡ, ಎಲ್ಲಾ ಅನುಭವಿಸಿದರು. ಆದ್ದರಿಂದ ಪ್ರಮಾಣಪತ್ರ ಸಿಕ್ಕ ಮೇಲಿನ ಒಂದೆರಡು ತಿಂಗಳು ಊರಿಗೆ ಹೋಗುವ ಯೋಜನೆ ಇಟ್ಟುಕೊಳ್ಳಬೇಡಿ.

ಹುಟ್ಟುವ ಮಗುವಿನ ವಿಷಯದಲ್ಲೂ ಇದೇ ಎಚ್ಚರ. ಭಾರತದ ದೂತಾವಾಸದಲ್ಲಿ ಜನನ ನೋಂದಾಯಿಸಿ ಭಾರತೀಯ ಪೌರತ್ವ ಮಾಡಿಸುವಾಗ, ಮಗುವಿಗೆ ಬೇರೆ ದೇಶದ ಪಾಸ್‌ಪೋರ್ಟ್ ಇಲ್ಲ ಅಂತ ನೀವು ಬರೆದುಕೊಡಬೇಕು. ಎರಡೂ ಕಡೆ ಆಟ ಆಡಲು ಹೋಗಬೇಡಿ. ಜರ್ಮನ್ ಪಾಸ್‌ಪೋರ್ಟ್ ಮಾಡಿಸಿ ಓಸಿಐ ಹಾಕಿಸಿ, ಅಪ್ಪ ಅಮ್ಮ ಭಾರತೀಯರಾದ್ದರಿಂದ ಮಗುವಿಗೆ ಅದು ಸಿಗುತ್ತೆ. ಮಗಳನ್ನು ನಿಮ್ಮ ಅರ್ಜಿಯ ಜೊತೆಯಲ್ಲೇ ಸೇರಿಸಬಹುದು. ನಿಮಗೆ ಶುಲ್ಕ 255 ಯೂರೋ, ಅವಳಿಗೆ 51. ನೀವು ಬಿ1, ಅಂದರೆ ಮಧ್ಯಮ ಮಟ್ಟದ ಜರ್ಮನ್ ಭಾಷೆ ತೋರಿಸಬೇಕು, 33 ಪ್ರಶ್ನೆಗಳ ಪೌರತ್ವ ಪರೀಕ್ಷೆಯಲ್ಲಿ 17 ಸರಿ ಮಾಡಬೇಕು. ಪರೀಕ್ಷೆ ಸುಲಭ. ಕಷ್ಟ ಇರುವುದು ಕಾಯುವುದರಲ್ಲಿ, ದೊಡ್ಡ ಊರುಗಳಲ್ಲಿ ವರ್ಷಗಟ್ಟಲೆ ಎಳೆಯುತ್ತಾರೆ.

ಅರ್ಜಿಯನ್ನೇ ಹಾಕದೆ ಇದ್ದರೆ? ಹಾಗೂ ಇರಬಹುದು. ಬಹಳ ಜನ ಇದ್ದಾರೆ. ಅದರ ತೊಡಕು ಯಾರಿಗೂ ಮೊದಲು ಹೊಳೆಯುವುದಿಲ್ಲ. ನಿಮ್ಮ ಕಾಯಂ ಪರವಾನಗಿ, ಸಾಮಾನ್ಯವಾಗಿ ಆರು ತಿಂಗಳಿಗಿಂತ ಜಾಸ್ತಿ ಜರ್ಮನಿಯ ಹೊರಗೆ ಉಳಿದರೆ ರದ್ದಾಗುತ್ತೆ. ನಾಳೆ ಅಪ್ಪ ಹಾಸಿಗೆ ಹಿಡಿದರೆ ಆರು ತಿಂಗಳ ಲೆಕ್ಕ ಹಾಕುತ್ತಾ ಕೂರಬೇಕು. ಜರ್ಮನ್ ಪಾಸ್‌ಪೋರ್ಟ್ ಮತ್ತು ಓಸಿಐ ಇದ್ದರೆ ಊರಲ್ಲಿ ಮೂರು ವರ್ಷ ಇದ್ದು ವಾಪಸ್ ಬರಬಹುದು. ಹುಟ್ಟಿದ ದೇಶದ ಪೌರತ್ವ ಬಿಟ್ಟವರೇ ಹುಟ್ಟಿದ ಊರಲ್ಲಿ ಹೆಚ್ಚು ದಿನ ಇರಬಹುದು! ಪೌರತ್ವ ಬಿಡಲು ಮನಸ್ಸಿಲ್ಲದಿದ್ದರೆ ಮಧ್ಯದ ದಾರಿಯೂ ಇದೆ. ಯುರೋಪ್ ಒಕ್ಕೂಟದ ದೀರ್ಘಾವಧಿ ವಾಸದ ಪರವಾನಗಿಗೆ ಅರ್ಜಿ ಹಾಕಿ. ಬ್ಲೂ ಕಾರ್ಡ್‌ನಿಂದ ಬಂದವರಿಗೆ ಅದರಲ್ಲಿ 24 ತಿಂಗಳವರೆಗೆ ಹೊರಗಿರಲು ಅವಕಾಶ ಇದೆ.

ಓಸಿಐ ಅಂದರೆ ಪೌರತ್ವ ಅಂತ ತಿಳಿಯಬೇಡಿ. ಹೆಸರಲ್ಲಿ ಮಾತ್ರ ಆ ಪದ ಇದೆ. ಮತ ಇಲ್ಲ. ಮಕ್ಕಳಿಗೆ ಅಲ್ಲಿ ಮೆಡಿಕಲ್ ಸೀಟು ಬೇಕಾದರೆ ಎನ್‌ಆರ್‌ಐ ಕೋಟಾದಲ್ಲೇ ನಿಲ್ಲಬೇಕು. ಕಾನೂನು ಮುರಿದರೆ ಸರ್ಕಾರ ಅದನ್ನು ರದ್ದು ಮಾಡಬಹುದು. ಜರ್ಮನ್ ಸಂವಿಧಾನದ 16ನೇ ವಿಧಿಯಂಥ ಬೇಲಿ ಅದಕ್ಕಿಲ್ಲ. ಮುಂದೆ ಮನಸ್ಸು ಬದಲಾದರೆ, ಓಸಿಐ ಆಗಿ ಐದು ವರ್ಷ ಕಳೆದು, ಅರ್ಜಿಗೆ ಮುಂಚಿನ ಒಂದು ವರ್ಷ ಭಾರತದಲ್ಲಿದ್ದವರು ಮತ್ತೆ ಪೌರತ್ವ ಕೇಳಬಹುದು. ಕೊಡುವುದು ಬಿಡುವುದು ಸರ್ಕಾರದ ಕೈಲಿದೆ.

ಕೊನೆಗೆ ಜಮೀನು. ಅಪ್ಪನಿಗೆ ಇದನ್ನು ನಿಧಾನವಾಗಿ ಹೇಳಿ. ಕೃಷಿ ಜಮೀನಿನ ಮೇಲಿನ ನಿರ್ಬಂಧ ಪಾಸ್‌ಪೋರ್ಟಿನ ಬಣ್ಣಕ್ಕೆ ಬರುವುದಲ್ಲ. ವಿದೇಶಿ ವಿನಿಮಯದ ನಿಯಮದಲ್ಲಿ ಎನ್‌ಆರ್‌ಐಗೂ ಓಸಿಐಗೂ ಒಂದೇ ಮಾತು: ಕೃಷಿ ಜಮೀನು, ತೋಟ, ಫಾರ್ಮ್‌ಹೌಸ್ ಕೊಳ್ಳುವ ಹಾಗಿಲ್ಲ, ದಾನವಾಗಿ ಪಡೆಯುವ ಹಾಗೂ ಇಲ್ಲ. ವಾರಸಿನಿಂದ ಬಂದರೆ ಧಾರಾಳವಾಗಿ ಇಟ್ಟುಕೊಳ್ಳಬಹುದು. ಅಂದರೆ ವಿದೇಶದಲ್ಲಿ ನೆಲೆಸಿ ಎನ್‌ಆರ್‌ಐ ಆದಾಗಿನಿಂದಲೇ ನೀವು ಈ ನಿಯಮದೊಳಗೆ ಇದ್ದೀರಿ. ಜರ್ಮನ್ ಆದರೆ ಹೊಸದಾಗಿ ಕಳೆದುಕೊಳ್ಳುವುದು ಇದರಲ್ಲಿ ಏನೂ ಇಲ್ಲ. ಅಪ್ಪನ ನಂತರ ಪೌತಿ ಖಾತೆ ಆಗಿ ಪಹಣಿಯಲ್ಲಿ ನಿಮ್ಮ ಹೆಸರು ಬರಬಹುದು. ಆಮೇಲೆ ಮಾರುವುದಾದರೆ ಭಾರತದಲ್ಲೇ ಇರುವ ಭಾರತೀಯರಿಗೆ ಮಾರಬೇಕು.

ತೊಂದರೆ ಆಗುವುದು ಹೆದರಿದ ಹಿರಿಯರು ಅವಸರದಲ್ಲಿ ಮಾಡುವ ಕೆಲಸದಿಂದ. 'ಅವನು ಅಲ್ಲಿನವನಾಗುವ ಮುಂಚೆ ಬರೆದುಕೊಟ್ಟುಬಿಡೋಣ' ಅಂತ ಸಬ್‌ ರಿಜಿಸ್ಟ್ರಾರ್ ಕಚೇರಿಗೆ ಹೋಗಿ ಮಗನ ಹೆಸರಿಗೆ ದಾನಪತ್ರ ಮಾಡಿಸಿಬಿಡುತ್ತಾರೆ. ಅದು ಈಗಲೂ ತಪ್ಪೇ. ನಿಮ್ಮ ಅಪ್ಪ ಇನ್ನೂ ಮಾಡಿಸಿಲ್ಲ ಅಂದುಕೊಂಡಿದ್ದೇನೆ. ಈ ಭಾನುವಾರ ಫೋನ್ ಮಾಡಿದಾಗ ಅದನ್ನು ಮೊದಲು ಕೇಳಿ. ಬರೆಯಲೇಬೇಕು ಅಂತಿದ್ದರೆ ವಿಲ್ ಬರೆಯಲಿ, ಅದನ್ನೂ ಹಾಸನದ ಒಬ್ಬ ವಕೀಲರಿಗೆ ತೋರಿಸಿಯೇ ಬರೆಯಲಿ.